ಹೋಮ್‌ಸ್ಕೂಲಿಂಗಾ, ಸರ್ಕಾರಿ ಶಾಲೆಯಾ: ಒಂದು ಮಾಮೂಲಿ ಮಂಗಳವಾರದ ಲೆಕ್ಕ

ಹೋಮ್‌ಸ್ಕೂಲಿಂಗ್, ಅಂದರೆ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದು, ಬೇಕು ಅನ್ನುವವರು ತಮ್ಮ ಮನೆಯ ಅತಿ ಒಳ್ಳೆಯ ದಿನವನ್ನು ಶಾಲೆಯ ಅತಿ ಕೆಟ್ಟ ದಿನದ ಪಕ್ಕ ಇಟ್ಟು ನೋಡುತ್ತಾರೆ. ಮನೆಯಲ್ಲಿ ಮಗು ಖುಷಿಯಿಂದ ಪುಸ್ತಕ ಓದುತ್ತಿರುತ್ತದೆ, ಶಾಲೆಯಲ್ಲಿ ಯಾರೋ ಟೀಚರ್ ರೇಗುತ್ತಿರುತ್ತಾರೆ. ಶಾಲೆಯೇ ಸರಿ ಅನ್ನುವವರ ಚಿತ್ರ ಪೂರ್ತಿ ಉಲ್ಟಾ. ಅಲ್ಲಿ ಒಳ್ಳೆ ಟೀಚರ್, ಗೆಳೆಯರು, ಮೈದಾನ. ಮನೆಯಲ್ಲಿ ಹತ್ತು ಗಂಟೆಗೆ ಎದ್ದು ಮೊಬೈಲ್ ಹಿಡಿದು ಕೂತ ಮಗು.

ಎರಡೂ ಸುಳ್ಳಲ್ಲ. ಆದರೆ ನೀವು ಆರಿಸಬೇಕಿರುವುದು ಈ ಎರಡು ಚಿತ್ರಗಳ ನಡುವೆ ಅಲ್ಲ. ನಿಮ್ಮ ಮುಂದಿರುವುದು ಹತ್ತಿರದ ಒಂದು ನಿಜವಾದ ಶಾಲೆ, ನಿಮ್ಮದೇ ಒಂದು ನಿಜವಾದ ಮನೆ. ಎರಡನ್ನೂ ಒಂದು ಮಾಮೂಲಿ ಮಂಗಳವಾರ ಬೆಳಿಗ್ಗೆ ನೋಡಬೇಕು. ಆ ದಿನ ಹಬ್ಬ ಇಲ್ಲ, ಪರೀಕ್ಷೆ ಇಲ್ಲ, ಉತ್ಸಾಹವೂ ಅಷ್ಟಕ್ಕಷ್ಟೆ. ಅವತ್ತು ಮಗುವಿನ ಪಕ್ಕ ಯಾರಿರುತ್ತಾರೆ, ಏನು ನಡೆಯುತ್ತದೆ ಅನ್ನುವುದೇ ಹೋಲಿಕೆ.

ಮೊದಲು ಕಾನೂನು

ಮಿಕ್ಕಿದ್ದನ್ನೆಲ್ಲ ಯೋಚಿಸುವ ಮುಂಚೆ ಇದನ್ನು ಮುಗಿಸಿಕೊಳ್ಳಿ. ಕೆಲವು ಕಡೆ ಮಾತು ಇಲ್ಲಿಗೇ ಮುಗಿದುಹೋಗುತ್ತದೆ.

ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ಧರ್ಮದ ಕಾರಣ ಕೊಟ್ಟು ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿತ್ತು. 2006ರಲ್ಲಿ ಅಲ್ಲೂ ಅವರ ಅರ್ಜಿ ನಿಲ್ಲಲಿಲ್ಲ. ಸ್ವೀಡನ್ನಿನ 2010ರ ಶಾಲಾ ಕಾಯ್ದೆ ತೀರಾ ವಿಶೇಷ ಸಂದರ್ಭ ಇದ್ದರೆ ಮಾತ್ರ ಒಪ್ಪುತ್ತದೆ. ಫ್ರಾನ್ಸ್‌ನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2021ರ ಕಾನೂನು ಬಂದಮೇಲೆ ಮುಂಚೆಯೇ ಅನುಮತಿ ತೆಗೆದುಕೊಳ್ಳಬೇಕು. ಇಂಗ್ಲೆಂಡಿನದು ಸಡಿಲ. ಅಲ್ಲಿನ 1996ರ ಶಿಕ್ಷಣ ಕಾಯ್ದೆ ಮಗುವಿಗೆ ಶಿಕ್ಷಣ ಕೊಡಿಸುವುದು ಪೋಷಕರ ಹೊಣೆ ಅನ್ನುತ್ತದೆ, ಅದು ಶಾಲೆಯಲ್ಲಾದರೂ ಆಗಬಹುದು, ಬೇರೆ ರೀತಿಯಲ್ಲಾದರೂ ಆಗಬಹುದು. ಅಮೆರಿಕದ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಅವಕಾಶ ಇದೆ, ಆದರೆ ಟೆಕ್ಸಾಸ್‌ನಲ್ಲಿ ಯಾರಿಗೂ ವರದಿ ಒಪ್ಪಿಸಬೇಕಿಲ್ಲ, ನ್ಯೂಯಾರ್ಕ್‌ನಲ್ಲಿ ವರ್ಷದ ಪಾಠಯೋಜನೆ ಕೊಟ್ಟು ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು.

ಭಾರತದಲ್ಲಿ ವಿಷಯ ಸ್ವಲ್ಪ ಮಬ್ಬು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಹೋಮ್‌ಸ್ಕೂಲಿಂಗ್ ಅಂತ ಹೆಸರು ಹಿಡಿದು ಸರಿ ಎಂದೂ ಹೇಳಿಲ್ಲ, ತಪ್ಪು ಎಂದೂ ಹೇಳಿಲ್ಲ. ಈ ಮಬ್ಬಿನಲ್ಲೇ ಎಷ್ಟೋ ಕುಟುಂಬಗಳು ಮಕ್ಕಳಿಗೆ ಮನೆಯಲ್ಲಿ ಕಲಿಸುತ್ತಿವೆ.

ನಿಮ್ಮ ಕಡೆಯ ನಿಯಮ ಏನೇ ಇರಲಿ, ಪಕ್ಕದ ಮನೆಯವರ ಮಾತು ನಂಬಬೇಡಿ. ಶಿಕ್ಷಣ ಇಲಾಖೆಯಿಂದ ಕೇಳಿ ತಿಳಿದುಕೊಳ್ಳಿ, ಆದರೆ ಬರವಣಿಗೆಯಲ್ಲೇ ಪಡೆಯಿರಿ. ಒಂದು ಎಚ್ಚರಿಕೆ: ಶಾಲೆ ಬಿಡಿಸುವುದಕ್ಕೂ ಒಂದು ಕ್ರಮ ಇರುತ್ತದೆ. ಸುಮ್ನೆ ಕಳಿಸುವುದು ನಿಲ್ಲಿಸಿದರೆ ಹಾಜರಿ ಪುಸ್ತಕದಲ್ಲಿ ನಿಮ್ಮ ಮಗು ಹೋಮ್‌ಸ್ಕೂಲಿಂಗ್ ಮಗು ಆಗಿರಲ್ಲ, ಗೈರುಹಾಜರಿ ಮಗು ಆಗಿರುತ್ತದೆ.

ಒಂದು ಕಳೆಯುವ ಲೆಕ್ಕ

ಈಗ ಕಲಿಕೆಗೆ ಬರೋಣ. 42ರಲ್ಲಿ 17 ಕಳೆ ಅಂದರೆ ಮಗು 35 ಅಂತ ಬರೆದಿದೆ ಅಂದುಕೊಳ್ಳಿ. ಇದು ಬಾಯಿಗೆ ಬಂದದ್ದು ಬರೆದ ತಪ್ಪಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಬರಲ್ಲ, ಹಾಗಾಗಿ ಮಗು ತಿರುಗಿಸಿ 7ರಿಂದ 2 ಕಳೆಯಿತು, 5 ಬಂತು. ಹತ್ತರ ಸ್ಥಾನದಲ್ಲಿ 4ರಿಂದ 1 ಹೋಯಿತು, 3 ಬಂತು. ಅದರ ತಲೆಯಲ್ಲಿ ಒಂದು ನಿಯಮ ಕೂತಿದೆ: ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆ.

ಮನೆಯಲ್ಲಿ ನೀವು ಪಕ್ಕದಲ್ಲೇ ಕೂತಿದ್ದರೆ ಆ 5 ಬರೆಯುವಾಗಲೇ ಕಾಣುತ್ತದೆ. "ಇದು ಹೇಗೆ ಬಂತು, ಹೇಳು" ಅಂತ ಅಲ್ಲೇ ಕೇಳಬಹುದು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಅದು ಟೀಚರ್ ಕಣ್ಣಿಗೆ ಬೀಳುವುದು ಸಂಜೆ ನೋಟ್‌ಬುಕ್ ತಿದ್ದುವಾಗ. ಅಷ್ಟೊತ್ತಿಗೆ ಮಗು ಅದೇ ರೀತಿ ಹತ್ತು ಲೆಕ್ಕ ಮಾಡಿ ತಪ್ಪನ್ನು ಗಟ್ಟಿ ಮಾಡಿಕೊಂಡಿರುತ್ತದೆ. ಇದು ಮನೆಯ ದೊಡ್ಡ ಶಕ್ತಿ. ಪುಸ್ತಕ, ಆ್ಯಪ್, ವಿಧಾನ ಎಲ್ಲಕ್ಕಿಂತ ದೊಡ್ಡದು.

ಆದರೆ ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. ಅನುಭವ ಇರುವ ಟೀಚರ್ ಆ 35 ನೋಡಿದ ತಕ್ಷಣ ತಪ್ಪು ಎಲ್ಲಿಂದ ಬಂತು ಅಂತ ಗುರುತು ಹಿಡಿಯುತ್ತಾರೆ. ಹಿಂದಿನ ವರ್ಷದ ಮಕ್ಕಳೂ ಹಾಗೇ ಬರೆದಿದ್ದರು, ಅದರ ಹಿಂದಿನ ವರ್ಷದವರೂ. ಕಡ್ಡಿಗಳ ಒಂದು ಕಟ್ಟು ತಂದು, ರಬ್ಬರ್ ಬ್ಯಾಂಡ್ ಬಿಚ್ಚಿ, ಹತ್ತು ಕಡ್ಡಿಗಳನ್ನು ಬಿಡಿ ಕಡೆಗೆ ಸೇರಿಸಿ ತೋರಿಸುತ್ತಾರೆ. ಈಗ ಬಿಡಿಯಲ್ಲಿ 12 ಇದೆ, ಅದರಿಂದ 7 ಕಳೆಯಬಹುದು. ಅಪ್ಪ ಅಮ್ಮ ಏನು ಮಾಡುತ್ತಾರೆ? "ಪಕ್ಕದಿಂದ ಒಂದು ತಗೋ ಅಂತ ಎಷ್ಟು ಸಲ ಹೇಳಿದೀನಿ!" ಮೂರನೇ ಸಲಕ್ಕೆ ದನಿ ಏರುತ್ತದೆ. ಟೀಚರಿಗೆ ಈ ತಪ್ಪು ದಿನನಿತ್ಯದ ಕೆಲಸ. ನಿಮಗೆ ಅದು ಮಗುವಿನ ಭವಿಷ್ಯ. ನಿಮ್ಮ ಗಾಬರಿ ಮಗುವಿಗೂ ಗೊತ್ತಾಗುತ್ತದೆ.

ಹಾಗಾಗಿ ನಾನು ಕೇಳುವ ಪ್ರಶ್ನೆ "ನಿಮಗೆ ಗಣಿತ ಬರುತ್ತದಾ" ಅಂತ ಅಲ್ಲ. ಚಿಕ್ಕ ಕ್ಲಾಸಿನ ಗಣಿತ ಎಲ್ಲರಿಗೂ ಬರುತ್ತದೆ. ಒಂದೇ ತಪ್ಪನ್ನು ಆರನೇ ಸಲ ನೋಡಿದಾಗ ನಿಮ್ಮ ಮುಖ ಹೇಗಿರುತ್ತದೆ? ಇದಕ್ಕೆ ಪ್ರಾಮಾಣಿಕ ಉತ್ತರ ಬೇಕಾದರೆ ಮಗುವನ್ನೇ ಕೇಳಿ.

ಅಂಕಿಅಂಶ ತೋರಿಸಿ ಯಾರಾದರೂ ವಾದಿಸಿದರೆ

ಹೋಮ್‌ಸ್ಕೂಲಿಂಗ್ ಮಕ್ಕಳು ಪರೀಕ್ಷೆಯಲ್ಲಿ ಬಹಳ ಮುಂದೆ ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ. ಅದರ ಹಿಂದೆ ಹೆಚ್ಚಾಗಿ 1998ರಲ್ಲಿ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಂಥವು ಇರುತ್ತವೆ. ಅದರಲ್ಲಿ 20,760 ಮಕ್ಕಳಿದ್ದರು, ಅಂಕಗಳು ಸರಾಸರಿಗಿಂತ ಎಷ್ಟೋ ಮೇಲಿದ್ದವು. ಆದರೆ ಅವರೆಲ್ಲ ತಾವಾಗಿಯೇ ಮುಂದೆ ಬಂದ ಕುಟುಂಬಗಳ ಮಕ್ಕಳು. ಆ ಅಪ್ಪ ಅಮ್ಮಂದಿರ ಓದು, ಆದಾಯ ಎರಡೂ ಜಾಸ್ತಿ ಇತ್ತು. ಇದನ್ನು ಶಾಲೆಯ ಜೊತೆಗಿನ ಹೋಲಿಕೆ ಅಂತ ಓದಬೇಡಿ ಎಂದು ಅಧ್ಯಯನ ಮಾಡಿದವರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಹಿಂದೆ ಉಳಿಯಿತು, ಅಂಕಿ ಮಾತ್ರ ಊರೆಲ್ಲ ಸುತ್ತಿತು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತುಂಬಾ ಚಿಕ್ಕದೊಂದು ಅಧ್ಯಯನ. 2011ರಲ್ಲಿ ಪ್ರಕಟವಾದದ್ದು, ಕೆನಡಾದ್ದು. 5ರಿಂದ 10 ವರ್ಷದ 37 ಹೋಮ್‌ಸ್ಕೂಲಿಂಗ್ ಮಕ್ಕಳು, ಸರ್ಕಾರಿ ಶಾಲೆಯ 37 ಮಕ್ಕಳು, ಅಷ್ಟೆ. ಹೋಮ್‌ಸ್ಕೂಲಿಂಗ್ ಮಕ್ಕಳಲ್ಲಿ ಎರಡು ಗುಂಪು ಸ್ಪಷ್ಟವಾಗಿ ಕಂಡವು. ಕ್ರಮವಾಗಿ ಪಾಠ ನಡೆಯುವ ಮನೆಗಳ ಮಕ್ಕಳು ಬಹುತೇಕ ಪರೀಕ್ಷೆಗಳಲ್ಲಿ ಶಾಲೆಯ ಮಕ್ಕಳಿಗಿಂತ ಮುಂದಿದ್ದರು. ಪಾಠಕ್ಕೆ ಕ್ರಮವೇ ಇಲ್ಲದ ಮನೆಗಳ 12 ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಇಷ್ಟು ಚಿಕ್ಕ ಗುಂಪಿನಿಂದ ದೊಡ್ಡ ತೀರ್ಮಾನ ಮಾಡಬಾರದು, ಸರಿ. ಆದರೂ ಪ್ರಶ್ನೆ ಎಲ್ಲಿದೆ ಅಂತ ಅದು ತೋರಿಸುತ್ತದೆ. "ಹೋಮ್‌ಸ್ಕೂಲಿಂಗ್" ಅನ್ನುವ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ನೀವು ಮಾಡಲು ಹೊರಟಿರುವುದು ಯಾವುದು?

ಇನ್ನೊಂದು ಮಾತು. 2020ರಲ್ಲಿ ಶಾಲೆ ಮುಚ್ಚಿದಾಗ ಜಗತ್ತಿನ ಸುಮಾರು 160 ಕೋಟಿ ಮಕ್ಕಳು, ಯುವಕರು ಮನೆಯಲ್ಲಿ ಕೂತರು. ಆ ಅನುಭವ ಇಟ್ಟುಕೊಂಡು "ನಮ್ಮ ಕೈಲಿ ಆಗಲ್ಲ" ಅಂತಲೋ "ನಾವು ಮಾಡಿ ನೋಡಿದ್ದೀವಿ" ಅಂತಲೋ ಹೇಳುವವರಿದ್ದಾರೆ. ಅದು ಹೋಮ್‌ಸ್ಕೂಲಿಂಗ್ ಅಲ್ಲ. ಪಾಠ, ವೇಳೆ, ಪರೀಕ್ಷೆ ಎಲ್ಲ ಶಾಲೆಯದೇ. ಮನೆಯದು ಕುರ್ಚಿ ಮಾತ್ರ.

ಖರ್ಚು ಮತ್ತು ಸಮಯ

ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ ಅಥವಾ ತೀರಾ ಕಡಿಮೆ. ಹೋಮ್‌ಸ್ಕೂಲಿಂಗ್‌ನ ಪುಸ್ತಕ, ಸಾಮಾನು ಅಂಥ ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಯಾವ ರಸೀತಿಯಲ್ಲೂ ಕಾಣಲ್ಲ: ಮನೆಯ ಒಬ್ಬರು ಕೆಲಸ ಬಿಡಬೇಕು ಅಥವಾ ಅರ್ಧಕ್ಕೆ ಇಳಿಸಬೇಕು. ಬಹಳ ಮನೆಗಳಲ್ಲಿ ಆ ಒಬ್ಬರು ಅಮ್ಮನೇ ಆಗಿರುತ್ತಾರೆ, ಅದೂ ಯಾರೂ ಕೂತು ಮಾತಾಡದೆಯೇ ತೀರ್ಮಾನ ಆಗಿರುತ್ತದೆ. ಐದು ವರ್ಷ ಬಿಟ್ಟು ಅವರು ಮತ್ತೆ ಕೆಲಸ ಹುಡುಕುವಾಗ ಏನಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದನ್ನು ಗಂಡ ಹೆಂಡತಿ ಇಬ್ಬರೂ ಜೊತೆಯಲ್ಲಿ ಕೂತು ಬರೆದು ನೋಡಬೇಕು. "ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲ" ಅನ್ನುವ ಮಾತು ಬಂದರೆ ಚರ್ಚೆಯನ್ನು ಮೊದಲಿಂದ ಶುರುಮಾಡಿ.

ಸಮಯದ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಚಿಕ್ಕ ಮಕ್ಕಳಿಗೆ ಒಬ್ಬರ ಎದುರು ಒಬ್ಬರು ಕೂತು ಕಲಿಸುವಾಗ ಶಾಲೆಯಷ್ಟು ಗಂಟೆ ಬೇಕಾಗಲ್ಲ. ಶಾಲೆಯ ದಿನದಲ್ಲಿ ಹಾಜರಿ, ಸಾಲು, ಒಂದು ಪಾಠದಿಂದ ಇನ್ನೊಂದಕ್ಕೆ ಹೋಗುವುದು, ಬೇರೆಯವರು ಬರೆದು ಮುಗಿಸುವವರೆಗೆ ಕಾಯುವುದು, ಇವೇ ಎಷ್ಟೋ ಹೊತ್ತು ತಿನ್ನುತ್ತವೆ. ಮನೆಯಲ್ಲಿ ಗಮನ ಇಟ್ಟು ನಡೆಸಿದ ಎರಡು ಮೂರು ಗಂಟೆಯಲ್ಲಿ ಚಿಕ್ಕ ಕ್ಲಾಸಿನ ಓದು, ಬರಹ, ಲೆಕ್ಕ ಸಾಗುತ್ತದೆ. ಆದರೆ ಮಿಕ್ಕ ಹೊತ್ತು ಮಗು ಎಲ್ಲಿರುತ್ತದೆ? ನಿಮ್ಮ ಜೊತೆಯಲ್ಲೇ ತಾನೆ. ಪಾಠ ಮೂರು ಗಂಟೆ, ಹೊಣೆ ಇಡೀ ದಿನ.

ಗೆಳೆಯರ ಪ್ರಶ್ನೆ

ಹೋಮ್‌ಸ್ಕೂಲಿಂಗ್ ಅಂದ ತಕ್ಷಣ ನೆಂಟರು ಕೇಳುವ ಮೊದಲ ಪ್ರಶ್ನೆ ಇದೇ: ಮಗು ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ? ನನ್ನ ಪ್ರಕಾರ ಈ ಪ್ರಶ್ನೆಗೆ ಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಸಿಕ್ಕಿದೆ. ಆಟದ ತಂಡ, ಸಂಗೀತದ ಕ್ಲಾಸು, ಲೈಬ್ರರಿ, ಬೇರೆ ಹೋಮ್‌ಸ್ಕೂಲಿಂಗ್ ಕುಟುಂಬಗಳು, ಬೀದಿಯ ಮಕ್ಕಳು ಇದ್ದೇ ಇರುತ್ತಾರೆ. ಮನಸ್ಸು ಮಾಡಿದರೆ ಗೆಳೆಯರನ್ನು ಹೊಂದಿಸಬಹುದು. ಶಾಲೆಯಲ್ಲಿದ್ದೂ ಒಂಟಿಯಾಗಿರುವ ಮಕ್ಕಳೇನು ಕಡಿಮೆಯಾ?

ಹೊಂದಿಸಲು ಆಗದಿರುವುದು ಬೇರೆ ಇದೆ. ನೀವು ಹುಡುಕಿಕೊಡುವ ಗೆಳೆಯರು ಹೆಚ್ಚುಕಡಿಮೆ ನಿಮ್ಮಂಥವರ ಮಕ್ಕಳೇ ಆಗಿರುತ್ತಾರೆ. ಸರ್ಕಾರಿ ಶಾಲೆಯ ಬೆಂಚು ಹಾಗಲ್ಲ. ಅಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬೇರೆ ಭಾಷೆಯ ಮನೆ, ಬೇರೆ ದೇವರು, ಬೇರೆ ಬಡತನ. ತನಗೆ ಇಷ್ಟ ಇಲ್ಲದವರ ಜೊತೆಯೂ ಗುಂಪಿನಲ್ಲಿ ಕೂತು ಚಾರ್ಟ್ ಮಾಡಿ ಮುಗಿಸಬೇಕು. ಇದನ್ನು ಮನೆಯಲ್ಲಿ ತಯಾರಿಸಲು ಬಹಳ ಕಷ್ಟ.

ಎರಡನೆಯದು, ಹೊರಗಿನ ಕಣ್ಣು. ಮಗು ಬೋರ್ಡಿನ ಅಕ್ಷರ ನೋಡಲು ಕಣ್ಣು ಕಿರಿದು ಮಾಡುತ್ತಿದೆ ಅಂತ ಮೊದಲು ಗೊತ್ತಾಗುವುದು ಟೀಚರಿಗೆ. ಮನೆಯಲ್ಲಿ ಪುಸ್ತಕ ಮುಖದ ಹತ್ತಿರವೇ ಇರುತ್ತದೆ, ದೂರದ್ದು ಕಾಣಲ್ಲ ಅನ್ನುವುದು ಯಾರ ಗಮನಕ್ಕೂ ಬರದೆ ವರ್ಷ ಕಳೆಯಬಹುದು. ಕಿವಿ ಮಂದ ಆಗಿದ್ದರೂ ಹಾಗೇ, ಮಾತು ತೊದಲುತ್ತಿದ್ದರೂ ಹಾಗೇ. ಇನ್ನೂ ಗಂಭೀರವಾದದ್ದೂ ಇದೆ. ಅಮೆರಿಕದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ದೂರು ಕೊಡುವವರಲ್ಲಿ ಶಾಲೆಯ ಸಿಬ್ಬಂದಿಯದು ದೊಡ್ಡ ಪಾಲು. ನಿಮ್ಮ ಮನೆ ಅಂಥದ್ದಲ್ಲ ಅಂತ ನಿಮಗೆ ಗೊತ್ತು. ಆದರೂ ನಿಮ್ಮ ಮಗುವಿಗೆ ಮನೆಯಾಚೆ ಧೈರ್ಯವಾಗಿ ಮಾತಾಡಬಲ್ಲ ಒಬ್ಬ ದೊಡ್ಡವರು ಬೇಕು. ಹೋಮ್‌ಸ್ಕೂಲಿಂಗ್ ಆರಿಸಿಕೊಂಡರೆ ಅವರು ಯಾರು ಅಂತ ಮೊದಲೇ ಯೋಚಿಸಿಡಿ. ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆಯನ್ನೂ ಮಾಡಿಸಿ.

ಓಡಿಬರುತ್ತಿದ್ದೀರಾ, ಹೊರಟಿದ್ದೀರಾ?

ಅಮೆರಿಕದ 2019ರ ಸರ್ಕಾರಿ ಸಮೀಕ್ಷೆಯಲ್ಲಿ ಹೋಮ್‌ಸ್ಕೂಲಿಂಗ್ ಯಾಕೆ ಅಂತ ಕೇಳಿದಾಗ ಪೋಷಕರು ಹೆಚ್ಚಾಗಿ ಕೊಟ್ಟ ಕಾರಣ ಪಾಠದ ಗುಣಮಟ್ಟ ಅಲ್ಲ, ಶಾಲೆಯ ವಾತಾವರಣ. ಸುರಕ್ಷತೆ, ಮಾದಕ ವಸ್ತು, ಕೆಟ್ಟ ಸಹವಾಸ ಇಂಥವು. ಅಂದರೆ ತುಂಬಾ ಜನ ಹೋಮ್‌ಸ್ಕೂಲಿಂಗ್ ಕಡೆಗೆ ನಡೆದು ಹೋಗುವುದಿಲ್ಲ, ಶಾಲೆಯಿಂದ ಓಡಿಬರುತ್ತಾರೆ.

ಓಡಿಬರುವುದು ತಪ್ಪು ಅಂತ ನಾನು ಹೇಳಲ್ಲ. ಮಗುವನ್ನು ಯಾರೋ ದಿನಾ ಹೊಡೆಯುತ್ತಿದ್ದಾರೆ, ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತ ಅಳುತ್ತದೆ, ಹೇಳಿದರೂ ಶಾಲೆ ಕಿವಿಗೆ ಹಾಕಿಕೊಳ್ಳಲ್ಲ ಅಂದರೆ ಮೊದಲು ಹೊರಗೆ ತನ್ನಿ, ಮಿಕ್ಕಿದ್ದು ಆಮೇಲೆ. ಆದರೆ ಒಂದು ಶಾಲೆಯ ತೊಂದರೆಗೆ ಇನ್ನೊಂದು ಶಾಲೆಯೂ ಉತ್ತರ ಆಗಬಹುದು. ಕೆಲವೊಮ್ಮೆ ಸೆಕ್ಷನ್ ಬದಲಾಯಿಸಿದರೂ ಸಾಕು. ಶಾಲೆ ಬೇಡ ಅನ್ನುವುದಕ್ಕೆ ನಿಮ್ಮ ಬಳಿ ಹತ್ತು ಕಾರಣ ಇದ್ದು, ಮನೆಯಲ್ಲಿ ಏನು ಮಾಡುತ್ತೀರಿ ಅಂದಾಗ ಒಂದೂ ಉತ್ತರ ಇಲ್ಲದಿದ್ದರೆ ನೀವು ಇನ್ನೂ ಹೋಮ್‌ಸ್ಕೂಲಿಂಗ್ ಆರಿಸಿಲ್ಲ.

ಕಲಿಕೆಯ ತೊಂದರೆ ಇರುವ ಮಕ್ಕಳ ವಿಷಯ ಎರಡೂ ಕಡೆ ವಾಲುತ್ತದೆ. ಡಿಸ್‌ಲೆಕ್ಸಿಯಾ, ಅಂದರೆ ಅಕ್ಷರ ಓದುವುದೇ ಕಷ್ಟವಾಗುವ ತೊಂದರೆ, ಇರುವ ಮಗುವಿಗೆ ಮನೆಯ ನಿಧಾನ, ಅವಮಾನ ಇಲ್ಲದ ವಾತಾವರಣ ದೊಡ್ಡ ಉಪಕಾರ. ಆದರೆ ಅದಕ್ಕೆ ಓದು ಕಲಿಸುವ ವಿಧಾನವೇ ಬೇರೆ, ಅದಕ್ಕೆ ತರಬೇತಿ ಬೇಕು. ಅಮೆರಿಕದಂಥ ದೇಶಗಳಲ್ಲಿ ಸರ್ಕಾರಿ ಶಾಲೆ ಇಂಥ ಸಹಾಯವನ್ನು ಉಚಿತವಾಗಿ ಕೊಡಲೇಬೇಕು ಅಂತ ಕಾನೂನಿದೆ. ಮಗುವನ್ನು ಬಿಡಿಸಿಕೊಂಡರೆ ಆ ಹಕ್ಕಿನ ದೊಡ್ಡ ಭಾಗ ಕೈಬಿಡುತ್ತದೆ. ಬಿಡಿಸುವ ಮುಂಚೆ ಏನೇನು ಸಿಗುತ್ತಿದೆ ಅಂತ ಒಂದು ಪಟ್ಟಿ ಬರೆದುಕೊಳ್ಳಿ, ಅದರಲ್ಲಿ ಯಾವುದನ್ನು ನೀವೇ ದುಡ್ಡು ಕೊಟ್ಟು ಕೊಡಿಸಬೇಕಾಗುತ್ತದೆ ನೋಡಿ.

ಹದಿನಾಲ್ಕರ ಆಸುಪಾಸು

ಚಿಕ್ಕ ಕ್ಲಾಸುಗಳಲ್ಲಿ ಮನೆ, ಶಾಲೆ ಸಮಬಲದವು ಅಂತ ನನಗೆ ಅನ್ನಿಸುತ್ತದೆ. ಹೈಸ್ಕೂಲ್ ಹೊತ್ತಿಗೆ ತಕ್ಕಡಿ ನಿಧಾನವಾಗಿ ಶಾಲೆಯ ಕಡೆ ವಾಲುತ್ತದೆ. ರಸಾಯನಶಾಸ್ತ್ರಕ್ಕೆ ಲ್ಯಾಬ್ ಬೇಕು. ನಾಲ್ಕೈದು ವಿಷಯಗಳನ್ನು ಆಳವಾಗಿ ಕಲಿಸಬಲ್ಲ ಒಬ್ಬರು ಮನೆಯಲ್ಲಿ ಸಿಗುವುದು ಕಷ್ಟ. ಮಗುವಿಗೂ ಆ ವಯಸ್ಸಿನಲ್ಲಿ ಅಪ್ಪ ಅಮ್ಮನ ಮುಖ ದಿನವಿಡೀ ನೋಡಲು ಬೇಜಾರು, ಅದು ಸಹಜ ತಾನೆ.

ಅದಕ್ಕಿಂತ ಮುಖ್ಯ ಸರ್ಟಿಫಿಕೇಟ್. ಶಾಲೆಯಲ್ಲಿದ್ದರೆ ಅದು ತಾನಾಗಿ ಬರುತ್ತದೆ, ಮನೆಯಲ್ಲಿದ್ದರೆ ದಾರಿ ಹುಡುಕಿಕೊಳ್ಳಬೇಕು. ದಾರಿಗಳಂತೂ ಇವೆ. ಭಾರತದಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಿಂದ ಇದೆ. ಅದರ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು, ಒಮ್ಮೆ ನೋಂದಾಯಿಸಿದರೆ 5 ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಕೇಂಬ್ರಿಜ್‌ನ ಐಜಿಸಿಎಸ್‌ಇ, ಅಂದರೆ ಹೆಚ್ಚುಕಡಿಮೆ ಹತ್ತನೇ ತರಗತಿ ಮಟ್ಟದ ಪರೀಕ್ಷೆಯನ್ನು, ಹಲವು ದೇಶಗಳಲ್ಲಿ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಆದರೆ ಒಪ್ಪುವ ಕೇಂದ್ರವನ್ನು ನೀವೇ ಹುಡುಕಬೇಕು, ಫೀಸೂ ನಿಮ್ಮದೇ. ಅಮೆರಿಕದ ಜಿಇಡಿ, ಅಂದರೆ ಹೈಸ್ಕೂಲ್ ಸರ್ಟಿಫಿಕೇಟಿಗೆ ಸಮ ಅನ್ನುವ ಪರೀಕ್ಷೆ, ಎರಡನೇ ಮಹಾಯುದ್ಧದ ಸೈನಿಕರಿಗಾಗಿ 1942ರಲ್ಲಿ ಶುರುವಾದದ್ದು, ಈಗ ನಾಲ್ಕು ವಿಷಯಗಳ ಪರೀಕ್ಷೆ. ಮಗು ಮುಂದೆ ಏನು ಓದಬಹುದು ಅಂತ ಊಹಿಸಿ, ಆ ಕಾಲೇಜುಗಳು ಯಾವ ಸರ್ಟಿಫಿಕೇಟ್ ಒಪ್ಪುತ್ತವೆ ಅಂತ ಹನ್ನೆರಡರ ವಯಸ್ಸಿನಲ್ಲೇ ವಿಚಾರಿಸಿಡಿ. ಹದಿನಾರಕ್ಕೆ ವಿಚಾರಿಸಿದರೆ ತಡ ಆಗಿರುತ್ತದೆ.

ನೋಡಿ ಬನ್ನಿ, ಮಾಡಿ ನೋಡಿ

ಶಾಲೆಯ ಮಂಗಳವಾರ ನೋಡಲು ವಾರ್ಷಿಕೋತ್ಸವಕ್ಕೆ ಹೋಗಬೇಡಿ. ಮಾಮೂಲಿ ದಿನ ಹೋಗಿ. ಹೆಡ್‌ಮಾಸ್ಟರ ಭಾಷಣಕ್ಕಿಂತ ನಾಲ್ಕು ವಿಷಯ ಗಮನಿಸಿ: ಒಂದು ಕ್ಲಾಸಿನಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ, ಟೀಚರ್ ರಜೆ ಹಾಕಿದರೆ ಆ ಕ್ಲಾಸಿಗೆ ಯಾರು ಹೋಗುತ್ತಾರೆ, ಟಾಯ್ಲೆಟ್ ಹೇಗಿದೆ, ಊಟದ ವಿರಾಮದಲ್ಲಿ ಒಂಟಿಯಾಗಿ ನಿಂತ ಮಗುವಿನ ಹತ್ತಿರ ಯಾರಾದರೂ ಹೋಗುತ್ತಾರಾ. ಹಿಂದುಳಿದ ಮಗುವಿಗೆ ಏನು ಮಾಡುತ್ತೀರಿ ಅಂತ ಕ್ಲಾಸ್ ಟೀಚರನ್ನೇ ಕೇಳಿ. "ಎಲ್ಲರನ್ನೂ ಸಮನಾಗಿ ನೋಡ್ತೀವಿ" ಅಂದರೆ ಅದು ಉತ್ತರ ಅಲ್ಲ. "ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರಕ್ಕೆ ಹೇಳ್ತೀನಿ" ಅಂದರೆ ಅದು ಉತ್ತರ.

ಮನೆಯನ್ನು ಪರೀಕ್ಷಿಸುವುದು ಇನ್ನೂ ಸುಲಭ. ಮುಂದಿನ ದೊಡ್ಡ ರಜೆಯಲ್ಲಿ ಮೂರು ವಾರ ಹೋಮ್‌ಸ್ಕೂಲಿಂಗ್ ಮಾಡಿ. ಮೊದಲ ವಾರ ಲೆಕ್ಕಕ್ಕಿಲ್ಲ, ಹೊಸತನದ ಹುಮ್ಮಸ್ಸಿನಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಮೂರನೇ ವಾರ ನೋಡಿ. ಪಾಠ ಇನ್ನೂ ಅದೇ ಹೊತ್ತಿಗೆ ಶುರುವಾಗುತ್ತಿದೆಯಾ? ಸಂಜೆ ನಿಮ್ಮಿಬ್ಬರಿಗೂ ಮಾತಾಡಲು ಮನಸ್ಸಿದೆಯಾ? ಕಲಿಸದ ಇನ್ನೊಬ್ಬರು ಮನೆಗೆಲಸ ಜಾಸ್ತಿ ಮಾಡಿದರಾ, ಅಥವಾ ಅದೂ ಕಲಿಸಿದವರ ತಲೆಗೇ ಬಂತಾ?

ಎರಡರ ನಡುವಿನ ದಾರಿಯನ್ನೂ ವಿಚಾರಿಸಿ. ಇಂಗ್ಲೆಂಡಿನಲ್ಲಿ ಹೆಡ್‌ಟೀಚರ್ ಒಪ್ಪಿದರೆ ವಾರದ ಕೆಲವು ದಿನ ಶಾಲೆ, ಕೆಲವು ದಿನ ಮನೆ ಅಂತ ಮಾಡಿಕೊಳ್ಳಬಹುದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಮಕ್ಕಳು ಸರ್ಕಾರಿ ಶಾಲೆಯ ಆಟಕ್ಕೆ, ಒಂದೆರಡು ವಿಷಯದ ಕ್ಲಾಸಿಗೆ ಬರಬಹುದು. ಅಂಥದ್ದು ಇಲ್ಲದ ಕಡೆ ತುಂಬಾ ಜನರಿಗೆ ಹೊಂದುವುದು ಹಗಲು ಸರ್ಕಾರಿ ಶಾಲೆ, ಸಂಜೆ ಮನೆಯಲ್ಲಿ ದಿನಾ ನಲವತ್ತು ನಿಮಿಷ. ಅದು ಹೋಂವರ್ಕ್ ಮಾಡಿಸುವುದಕ್ಕಲ್ಲ. ಆ 35 ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಕೂತು ಕೇಳುವುದಕ್ಕೆ. ಮನೆಯ ದೊಡ್ಡ ಶಕ್ತಿ ಅದೇ ಆದ್ದರಿಂದ, ಕೆಲಸ ಬಿಡದೆಯೇ ಅದರ ಒಳ್ಳೆಯ ಪಾಲು ಸಿಗುತ್ತದೆ. ಯಾರಾದರೂ ನನ್ನನ್ನೇ ಕೇಳಿದರೆ ನಾನು ಮೊದಲು ಹೇಳುವುದು ಇದನ್ನು.

ಹೋಮ್‌ಸ್ಕೂಲಿಂಗ್ ಅಂತಲೇ ತೀರ್ಮಾನ ಆದರೆ ಒಂದು ವರ್ಷಕ್ಕೆ ಮಾತ್ರ ತೀರ್ಮಾನಿಸಿ, ಒಂದು ಮಗುವಿಗೆ ಮಾತ್ರ. ಅಕ್ಕನಿಗೆ ಹೊಂದಿದ್ದು ತಮ್ಮನಿಗೆ ಹೊಂದಬೇಕು ಅಂತೇನಿಲ್ಲ. ವಾಪಸ್ ಶಾಲೆಗೆ ಸೇರಿಸುವ ಬಾಗಿಲು ತೆರೆದಿರಲಿ: ಟಿಸಿ, ಹಳೆಯ ಅಂಕಪಟ್ಟಿ, ಹುಟ್ಟಿದ ದಿನದ ದಾಖಲೆ ಒಂದೇ ಫೈಲಿನಲ್ಲಿಡಿ. ಮಗು ಓದಿದ ಪುಸ್ತಕಗಳ ಪಟ್ಟಿ, ತಿಂಗಳಿಗೊಂದು ಬರಹ, ಮಾಡಿದ ಲೆಕ್ಕಗಳ ಒಂದೆರಡು ಹಾಳೆ ತಾರೀಖು ಹಾಕಿ ಸೇರಿಸುತ್ತಾ ಹೋಗಿ. ಮುಂದೆ ಯಾವ ಕ್ಲಾಸಿಗೆ ಕೂರಿಸಬೇಕು ಅಂತ ಶಾಲೆಯವರು ಕೇಳಿದಾಗ ತೋರಿಸಲು ಅದು ಕೈಯಲ್ಲಿರಬೇಕು. ಹತ್ತಿರದ ಶಾಲೆಯ ಆಯಾ ಕ್ಲಾಸಿನ ಪಠ್ಯಪುಸ್ತಕವನ್ನೂ ತಂದಿಟ್ಟುಕೊಳ್ಳಿ. ಅದನ್ನೇ ಕಲಿಸಬೇಕಿಲ್ಲ, ಎರಡು ಮೂರು ತಿಂಗಳಿಗೊಮ್ಮೆ ತೆರೆದು ಮಗು ಎಲ್ಲಿದೆ ಅಂತ ನೋಡಿಕೊಂಡರೆ ಸಾಕು.